ನಲವತ್ತೆರಡನೇ ಪ್ರಶ್ನೆ

“ಅವಳು ನಿಮ್ಮ ಹತ್ರ ಏನು ಹೇಳಿದ್ಲು ತಾಯಿ?”

ಸರ್ವೆ ಮೇಡಂ ಚೀಲದಿಂದ ಹಾಳೆಗಳನ್ನು ಇನ್ನೂ ಪೂರ್ತಿ ಹೊರಗೆ ತೆಗೆದಿರಲಿಲ್ಲ, ಎದುರಿಗೆ ಕುಳಿತಿದ್ದ ನಿವೃತ್ತ ಬಸ್ ಡ್ರೈವರ್ ಕೇಳಿಯೇಬಿಟ್ಟರು. ಕೇಳಿದ್ದು ಎಂಟು ತಿಂಗಳ ಹಿಂದೆ ತೀರಿಕೊಂಡ ಹೆಂಡತಿಯ ಬಗ್ಗೆ. ವಯಸ್ಸಾದವರ ಬದುಕು ಹೇಗೆ ಸಾಗುತ್ತಿದೆ ಎಂದು ತಿಳಿಯಲು ಸಂಸ್ಥೆಯೊಂದು ನಡೆಸುವ ಅಧ್ಯಯನಕ್ಕಾಗಿ ಮೇಡಂ ಐದು ವರ್ಷಕ್ಕೊಮ್ಮೆ ಈ ಮನೆಗೆ ಬರುತ್ತಿದ್ದರು. ಇದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿಕೊಂಡು, ಬಾಗಿಲು ಮುಚ್ಚಿ ಮಾತಾಡಿಸಿದ್ದರು. ಹೆಂಡತಿಯ ಸರದಿ ಬಂದಾಗ ಡ್ರೈವರ್ ಹೊರಗೆ ಮೆಟ್ಟಿಲ ಮೇಲೆ, ಕೆಂಪು ದೀಪಕ್ಕೆ ಸಿಕ್ಕಿಕೊಂಡ ಬಸ್ಸಿನ ಹಾಗೆ, ಮುಕ್ಕಾಲು ಗಂಟೆ ನಿಂತಿರುತ್ತಿದ್ದರು.

“ಯಾವುದರ ಬಗ್ಗೆ ಯಜಮಾನ್ರೇ?”

“ನಲವತ್ತೆರಡನೇ ಪ್ರಶ್ನೆ. ಯಾರ ಹತ್ರ ಹೇಳ್ಕೊಂಡ್ರೆ ನಿಮ್ಮ ಮನಸ್ಸು ಹಗುರ ಆಗುತ್ತೆ ಅಂತ ಕೇಳ್ತೀರಲ್ಲ, ಅದು.”

ಸಾವಿರಾರು ಜನರನ್ನು ಕೇಳಿದ್ದ ಮೇಡಂ, ಪ್ರಶ್ನೆಯನ್ನು ಅಂಕಿ ಸಮೇತ ನೆನಪಿಟ್ಟುಕೊಂಡವರನ್ನು ಕಂಡದ್ದು ಇದೇ ಮೊದಲು. “ಅದನ್ನ ಹೇಳೋ ಹಾಗಿಲ್ಲ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರ ಕಿವಿಗೆ ಹಾಕಲ್ಲ ಅಂತ ಬರೆದುಕೊಟ್ಟೇ ಈ ಕೆಲಸಕ್ಕೆ ಸೇರಿದ್ದು.”

“ಸತ್ತವರದ್ದೂ?”

“ಅವರದ್ದೂ.”

ಡ್ರೈವರ್ ತಲೆಯಾಡಿಸಿದರು. ಮೂವತ್ತನಾಲ್ಕು ವರ್ಷ ಸ್ಟಿಯರಿಂಗ್ ಹಿಡಿದ ದಪ್ಪ ಬೆರಳುಗಳು ಮೇಜಿನ ಬಟ್ಟೆಯ ಒಂದೇ ಸುಕ್ಕನ್ನು ಮತ್ತೆ ಮತ್ತೆ ತೀಡುತ್ತಿದ್ದವು. ಆಮೇಲೆ ಮೇಡಂ ಮುಖ ನೋಡದೆ ಮೆಲ್ಲಗೆ ಹೇಳಿದರು: “ನನ್ನನ್ನ ಕೇಳಿದಾಗ ಮೂರು ಸಲಾನೂ ‘ಯಾರೂ ಇಲ್ಲ’ ಅಂದುಬಿಟ್ಟೆ. ಹೆಂಡತಿ ಹತ್ರ ಅಂತ ಹೇಳೋಕೆ ಅದೇನೋ ಬಿಗುಮಾನ. ಅವಳು ಹೋದ ಮೇಲೆ ಅದೇ ಕೊರೀತಾ ಇದೆ. ಅವಳೂ ‘ಯಾರೂ ಇಲ್ಲ’ ಅಂದಿದ್ರೆ, ನಲವತ್ತೊಂಬತ್ತು ವರ್ಷ ಈ ಮನೇಲಿ ಒಬ್ಬಳೇ ಇದ್ದಳು ಅಂತ ಆಯ್ತಲ್ಲ.”

ಮೇಡಂಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟಕ್ಕೆ ಬಂತು. ಇಷ್ಟು ವರ್ಷಗಳಲ್ಲಿ ಅವರು ಎಂಥೆಂಥವರ ಮಾತುಗಳನ್ನು ಹೊಟ್ಟೆಗೆ ಹಾಕಿಕೊಂಡಿದ್ದರು: ಸತ್ತು ಮೂವತ್ತು ವರ್ಷವಾದ ಅತ್ತೆಯ ಮೇಲೆ ಇನ್ನೂ ಹಲ್ಲು ಕಡಿಯುವವರು, ಮಗನಿಗಿಂತ ಸೊಸೆಯೇ ವಾಸಿ ಎಂದು ದನಿ ತಗ್ಗಿಸಿ ಒಪ್ಪಿಕೊಂಡವರು. ಮೇಡಂ ಒಂದು ಮಾತನ್ನೂ ಹೊರಗೆ ಚೆಲ್ಲಿದವರಲ್ಲ. ಕೆಲಸ ಹೋದೀತು ಎನ್ನುವ ಭಯಕ್ಕಿಂತ, ನಂಬಿ ಹೇಳಿದವರಿಗೆ ಎರಡು ಬಗೆದಂತೆ ಆಗುತ್ತದಲ್ಲ ಎನ್ನುವ ಅಳುಕು ಹೆಚ್ಚು. ಬೇಡವೇ ಬೇಡ ಎಂದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಮೊದಲ ಪ್ರಶ್ನೆಯನ್ನು ಅರ್ಧ ಓದಿ ನಿಲ್ಲಿಸಿದರು. ಮುಚ್ಚಳ ಮತ್ತೆ ಹಾಕಿದರು.

“ಆ ಪ್ರಶ್ನೆಗೆ ಅವರು ಏನೂ ಹೇಳಲಿಲ್ಲ ಯಜಮಾನ್ರೇ.”

ಡ್ರೈವರ್ ಮುಖ ಕಪ್ಪಿಟ್ಟಿತು. “ಏನೂ ಇಲ್ವಾ?”

“ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳಿದ್ದಿದ್ರೆ ನಾನು ನಿಮ್ಮ ಮುಂದೆ ಬಾಯಿ ಬಿಡ್ತಿರಲಿಲ್ಲ. ಗದ್ದ ಎತ್ತಿ ಆ ಬಾಗಿಲ ಕಡೆ ತೋರಿಸಿದ್ರು, ಅಷ್ಟೆ. ಬಾಗಿಲ ಆಚೆ ಯಾರು ನಿಂತಿದ್ರು ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.”

ಡ್ರೈವರ್ ಬಾಗಿಲನ್ನು ನೋಡಿದರು. “ಮೂರು ಸಲಾನೂ?”

“ಮೊದಲನೇ ಸಲ ಸ್ವಲ್ಪ ನಾಚಿಕೊಂಡ್ರು. ಮೂರನೇ ಸಲ ನಾನು ಪ್ರಶ್ನೆ ಮುಗಿಸೋವರೆಗೂ ಕಾಯಲಿಲ್ಲ.”

ಡ್ರೈವರ್ ಎದ್ದು ಅಡುಗೆಮನೆಗೆ ಹೋದರು. ನಲ್ಲಿಯಲ್ಲಿ ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ. ಕರೆಯಬೇಕೋ ಬೇಡವೋ ಎಂದು ಮೇಡಂ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತರು. ಹೊರಗೆ ಬಂದಾಗ ಡ್ರೈವರ್ ಮುಖ, ಅಂಗಿಯ ಕಾಲರು ಎಲ್ಲ ಒದ್ದೆ, ಒರೆಸಿಕೊಳ್ಳುವುದನ್ನೇ ಮರೆತಿದ್ದರು. “ಕೇಳಿ ತಾಯಿ. ಈ ಸಲ ಎಲ್ಲಾ ಸರಿಯಾಗಿ ಹೇಳ್ತೀನಿ.”

ಹೇಳಿದರು. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯುತ್ತದೆ. ಅಡುಗೆ ತಾವೇ ಮಾಡಿಕೊಳ್ಳುತ್ತಾರೆ, ಉಪ್ಪು ಮಾತ್ರ ಒಂದು ದಿನ ಕೈಮೀರಿ ಬೀಳುತ್ತದೆ, ಇನ್ನೊಂದು ದಿನ ಬೀಳುವುದೇ ಇಲ್ಲ. ಮಗಳು ಭಾನುವಾರ ಬಂದು ಹೋಗುತ್ತಾಳೆ. ಕಣ್ಣು ಇನ್ನೂ ದೂರದ ಬಸ್ಸಿನ ಬೋರ್ಡು ಓದುತ್ತದೆ. ನಲವತ್ತೆರಡನೆಯದಕ್ಕೆ ಬಂದಾಗ ಮೇಡಂ ದನಿ ತಾನಾಗಿಯೇ ತಗ್ಗಿತು.

“ನಮ್ಮಾಕೆ ಹತ್ರ,” ಅಂದರು ಡ್ರೈವರ್.

“ಇದು ಈಗಿನ ವಿಷಯ ಕೇಳೋದು ಯಜಮಾನ್ರೇ.”

“ಈಗಿಂದೇ ಹೇಳ್ತಿರೋದು. ದಿನಾ ಬೆಳಗ್ಗೆ ಟೀ ಕುಡೀತಾ ಎಲ್ಲಾ ಹೇಳ್ಕೋತೀನಿ. ಮುಂಚೆ ಹೇಳ್ತಿದ್ದಕ್ಕಿಂತ ಜಾಸ್ತೀನೇ.”

ಮೇಡಂ ಬರೆದುಕೊಂಡರು.

ವಾರದ ಮೇಲೆ ಕಚೇರಿಯಿಂದ ಫೋನ್ ಬಂತು. ಉತ್ತರಗಳನ್ನು ಕಂಪ್ಯೂಟರಿಗೆ ತುಂಬುವ ಹುಡುಗಿ. “ಮೇಡಂ, ನೀವು ಕಳಿಸಿದ್ದರಲ್ಲಿ ಒಬ್ಬರದ್ದು ತಾಳೆ ಆಗ್ತಿಲ್ಲ. ಶುರುವಿನಲ್ಲಿ ‘ಹೆಂಡತಿ ತೀರಿಕೊಂಡಿದ್ದಾರೆ’ ಅಂತಿದೆ, ನಲವತ್ತೆರಡರಲ್ಲಿ ‘ಹೆಂಡತಿ’ ಅಂತಲೇ ಇದೆ. ಕಂಪ್ಯೂಟರ್ ತಗೋತಿಲ್ಲ. ಯಾವುದನ್ನ ತಿದ್ದಲಿ?”

“ಯಾವುದನ್ನೂ ತಿದ್ದಬೇಡಮ್ಮ, ಎರಡೂ ಸರಿ ಇದೆ,” ಅಂದರು ಮೇಡಂ. “ಕಂಪ್ಯೂಟರಿಗೂ ಸ್ವಲ್ಪ ವಯಸ್ಸಾಗಲಿ, ತಗೊಳ್ಳುತ್ತೆ.”