ಕಡಿದುಹೋದ ಕರೆ

ಕಡಲಲ್ಲಿ ಮುಳುಗಿದವರ ಕೊನೆಯ ಮಾತು ಯಾವುದಾದರೊಂದು ಶಾರ್ಕಿನ ಹೊಟ್ಟೆಯಲ್ಲಿ ಉಳಿಯುತ್ತದೆ. ಅಪ್ಪನ ಮಾತಿರುವ ಮೀನು ಗಂಗೊಳ್ಳಿ ಬಂದರಿನ ಆಚೆ ಸುಳಿದಾಡುತ್ತಿದೆಯೆಂದು ಶೀನಣ್ಣ ಹೇಳಿಕಳಿಸಿದರು. ಜನರನ್ನು ಇಂಥ ಬೇಟೆಗೆ ಕರೆದೊಯ್ಯುವುದೇ ಅವರ ಕಸುಬು. ನಾನೂ ಅಮ್ಮನೂ ದೋಣಿ ಹತ್ತಿದೆವು.

"ಕೆಮಿ ಇಟ್ ಕೇಣಿ, ಮಾತಾಡುಕಾಗ. ಉತ್ತರ ಕೊಟ್ರೆ ಅವ್ರ ಸ್ವರ ಅಳ್ಸಿ ಹೋತ್, ನಿಮ್ದ್ ಉಳಿತ್," ಎಂದ ಶೀನಣ್ಣ ಕಿವಿ ಮುಟ್ಟಿ ತೋರಿಸಿ, ತುಟಿಗೆ ಬೆರಳಿಟ್ಟು, ಗಾಳ ಬಿಟ್ಟರು.

"ಇವ್ಳ್ ಮನಿಯಂಗೇ ಬಾಯಿ ಬಿಡುದಿಲ್ಲ, ಇಲ್ಲಿ ಬಿಡ್ತಳಾ?" ಎಂದಳು ಅಮ್ಮ, ನನ್ನತ್ತ ನೋಡಿ.

ಮೀನು ಸಿಕ್ಕಿತು. ಶೀನಣ್ಣ ಅದನ್ನು ದೋಣಿಯ ಪಕ್ಕಕ್ಕೆಳೆದು ಮಗುಚಿ ಹಿಡಿದರು. ಬಿಳಿ ಹೊಟ್ಟೆಗೆ ಕಿವಿಯಿಟ್ಟೆ.

"ಊಟ ಆಯ್ತಾ?"

ಅಪ್ಪನೇ. ಅವರ ದೋಣಿ ಮುಳುಗಿದ ಬಿರುಗಾಳಿಯ ದಿನ ಫೋನಿನಲ್ಲಿ ಅಮ್ಮನನ್ನು ಹೀಗೆ ಕೇಳಿದ್ದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಕರೆ ಕಡಿದುಹೋಗಿತ್ತು. ಪ್ರತಿವರ್ಷ ಬಂದು ಈ ಸ್ವರ ಕೇಳಬಹುದೆಂದುಕೊಂಡು, ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

ಅಮ್ಮ ಬಾಗಿ ಕೆನ್ನೆಯಿಟ್ಟಳು. ಕೇಳಿಸಿದ್ದೇ ತಡ, "ಆಯ್ತ್, ನಂದ್ ಆಯ್ತ್. ನೀವ್ ಉಣ್ಣಿ," ಎಂದುಬಿಟ್ಟಳು.

ಶೀನಣ್ಣ ತಲೆ ತಗ್ಗಿಸಿದರು. ನಾನು ಮತ್ತೆ ಕಿವಿಯಿಟ್ಟೆ. ಅಪ್ಪ ಇರಲಿಲ್ಲ. ಒಳಗೆ ಅಮ್ಮನ ಉತ್ತರ ಮಾತ್ರವಿತ್ತು.

ನನ್ನ ಅಳುವಿನ ಸದ್ದೂ ಆ ಉತ್ತರವನ್ನು ಅಳಿಸಬಾರದೆಂದು ತುಟಿ ಕಚ್ಚಿಕೊಂಡು, ಬಿಡಿ ಎಂದು ಕೈಸನ್ನೆ ಮಾಡಿದೆ. ಶೀನಣ್ಣ ಗಾಳ ಬಿಡಿಸಿದರು. ಅಮ್ಮನ ಮಾತನ್ನು ಹೊತ್ತು ಮೀನು ಆಳಕ್ಕಿಳಿಯಿತು.