ಕಂಪನಿ ಸ್ಪೀಕರ್

“ಕಾರಿನ ಜೊತೆ ಬಂದಿರೋ ಕಂಪನಿ ಸ್ಪೀಕರ್ ಚೆನ್ನಾಗೇ ಇದೆಯಲ್ಲ ಸಾರ್, ಯಾಕೆ ಬಿಚ್ಚಿಸ್ತೀರಿ?” ಎಂದು ಮೆಕ್ಯಾನಿಕ್ ಕೇಳಿದ.

“ಹೆಂಡತಿ ತವರಿಗೆ ಹೋಗೋವಾಗ ಬಸ್ ಸ್ಟ್ಯಾಂಡಿಂದ ವಾಯ್ಸ್ ಮೆಸೇಜ್ ಕಳಿಸಿದ್ಲು. ಕೊನೇ ಮಾತು ಬಸ್ಸಿನ ಸದ್ದಲ್ಲಿ ಮುಳುಗಿಹೋಗಿದೆ. ‘ಹೋಗಿ ಬರ್ತೀನಿ’ ಅಂದಿದಾಳೆ. ಸರಿಯಾಗಿ ಕೇಳ್ಬೇಕು,” ಎಂದ ಕಾರಿನವನು.

“ಯಾವಾಗ ಹೋದ್ರು?”

“ಹೋದ ವರ್ಷ, ಯುಗಾದಿಗೆ.”

ಮೆಕ್ಯಾನಿಕ್ ಬಾಗಿಲೊಳಗೆ ಹೊಸ ಸ್ಪೀಕರ್, ಮೇಲೆ ಕನ್ನಡಿಯ ಪಕ್ಕ ಟ್ವೀಟರ್ ಎಂಬ ಪುಟ್ಟ ಸ್ಪೀಕರ್ ಕೂರಿಸಿದ. ಎರಡರ ನಡುವೆ ಕ್ರಾಸ್‌ಓವರಿಗೆ ವೈರ್ ಜೋಡಿಸುತ್ತ ಹೇಳಿದ: “ಇದು ಸದ್ದನ್ನ ಬೇರೆ ಮಾಡತ್ತೆ ಸಾರ್. ಬಸ್ಸಿನ ಗುಡುಗುಡು ಕೆಳಗಡೆ ಹೋಗತ್ತೆ, ಮೇಡಮ್ಮೋರ ದನಿ ಮೇಲಕ್ಕೆ ಬರತ್ತೆ.”

ಕಾರಿನವನು ಫೋನ್ ಜೋಡಿಸಿ ಆ ಮೆಸೇಜ್ ಹಾಕಿದ. ಬಸ್ಸು ಕಾಲ ಬಳಿ ಗುಡುಗಿತು. ಅವಳ ದನಿ ಮಾತ್ರ ಎದುರಿಗೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು:

“ಬೀಗದ ಕೈ ಪಕ್ಕದ ಮನೇಲಿ ಕೊಟ್ಟಿದೀನಿ. ಹೋಗ್ತೀನಿ.”

ಮೆಕ್ಯಾನಿಕ್ ತಲೆ ಎತ್ತದೆ, ಸೀಟಿನ ಮೇಲೆ ಬಿದ್ದಿದ್ದ ವೈರಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ.

“ಹಳೇ ಸ್ಪೀಕರ್ ಎಸೆದಿಲ್ಲ ತಾನೇ?” ಎಂದ ಕಾರಿನವನು. “ಅವನ್ನೇ ಹಾಕಿಬಿಡಪ್ಪ.”