ಎರಡು ಇಂಚು ಬಟ್ಟೆ

"ನೆಟ್ಟಗೆ ನಿಂತ್ಕೊಳೇ! ಗೂನಿ ಹಾಗೆ ನಿಂತ್ರೆ ಅಳತೆ ಹೇಗೆ ತಗೊಳ್ಳಲಿ?" ಗುಂಡಿ ಹೊಲಿಯುತ್ತಿದ್ದ ಹೆಂಡತಿಯನ್ನು ಎಬ್ಬಿಸಿ, ದರ್ಜಿ ಅವಳ ಹೊಸ ನೈಟಿಗೆಂದು ಭುಜದಿಂದ ಪಾದಕ್ಕೆ ಟೇಪು ಇಳಿಬಿಟ್ಟಿದ್ದ. ಅವಳು ನೆಟ್ಟಗೇ ನಿಂತಿದ್ದಳು. ಐದು ವರ್ಷದ ಹಿಂದಿನ ಅಳತೆಗಿಂತ ಎರಡು ಇಂಚು ಕಡಿಮೆ ಬಂತು.

"ಮುಟ್ಟು ನಿಂತ ಮೇಲೆ ಮೂಳೆ ಸವೀತಿದೆ ಅಂತ ಡಾಕ್ಟರು ಮಾತ್ರೆ ಬರ್ಕೊಟ್ಟಿದ್ರಲ್ಲ ರೀ."

"ಹಾರ್ಮೋನ್ ಮಾತ್ರೆ ನುಂಗಿ ಮತ್ತೆ ಹುಡುಗಿ ಆಗ್ಬೇಕಾ? ಬಿಡು, ಎರಡು ಇಂಚು ಬಟ್ಟೆ ಉಳೀತು!" ತನ್ನ ಮಾತಿಗೆ ತಾನೇ ನಕ್ಕು ಕತ್ತರಿ ಹಾಕಿದ.

ಕೆಳಗೆ ಬಿದ್ದ ಚೂರನ್ನು ಆಯಲು ಬಗ್ಗಿದಾಗ ಅವಳ ಬೆನ್ನಲ್ಲಿ ಚಳಕು ಹೊಡೆಯಿತು. ಡಾಕ್ಟರ ಚೀಟಿ ಮೂರು ತಿಂಗಳಿಂದ ಗಿರಾಕಿಗಳ ಅಳತೆ ಚೀಟಿಗಳ ನಡುವೆ ಗೋಡೆಯ ಮೊಳೆಗೆ ಚುಚ್ಚಿಕೊಂಡಿತ್ತು. ಅವನು ಇಸ್ತ್ರಿಪೆಟ್ಟಿಗೆಯತ್ತ ತಿರುಗಿದಾಗ ಅದನ್ನು ಮೆಲ್ಲಗೆ ಕಿತ್ತು, ಆ ಬಟ್ಟೆಚೂರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಎಲ್ಲಿಗೆ ಹೊರಟೆ?"

"ಗುಂಡಿ ಖಾಲಿ ಆಗಿದೆ, ತರ್ತೀನಿ," ಎಂದಳು.